ಲಾಂಗ್ ಆನ್‌ನಲ್ಲಿ ನಿಂತವರು

ಕಾಕಾನ ಎಡಗೈಯ ಕಿರುಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಿತ್ತು. ಆ ನಾಲ್ಕೂ ಸೇರಿ ಚಹದ ಕಪ್ಪು ಹಿಡಿದರೆ ಇದೊಂದು ಹೊರಗೆ ಚಾಚಿಕೊಂಡು ಬೇರೆಲ್ಲೋ ನೋಡುತ್ತಿರುತ್ತಿತ್ತು. ಸಾವಳಗಿಯ ಮೈದಾನದಲ್ಲಿ ಹಿಂದಕ್ಕೆ ಓಡುತ್ತ ಕ್ಯಾಚ್ ಹಿಡಿದಾಗ ಅದು ಮುರಿಯಿತಂತೆ. ಕಾಕಾ ಚೆಂಡು ಬಿಡಲಿಲ್ಲ, ಬೆರಳು ಬಿಟ್ಟರು. ಎಲುಬು ಕೂಡಿಸುವವನ ಹತ್ತಿರ ಹೋಗಿದ್ದು ಪಂದ್ಯ ಮುಗಿದು, ಊಟವೂ ಮುಗಿದ ಮೇಲೆ. ಅಷ್ಟೊತ್ತಿಗೆ ಬೆರಳು ತನ್ನ ದಿಕ್ಕನ್ನು ತಾನೇ ನಿರ್ಧರಿಸಿಬಿಟ್ಟಿತ್ತು.

ಕಾಕಾ ಎಂದರೆ ರಕ್ತಸಂಬಂಧವೇನಲ್ಲ. ಬನಹಟ್ಟಿಯಲ್ಲಿ ನಮ್ಮ ಮನೆಯ ಗೋಡೆಗೆ ಅವರ ಪಾವರ್‌ಲೂಮ್ ಶೆಡ್ಡಿನ ಗೋಡೆ ಅಂಟಿಕೊಂಡಿದೆ. ನಾನು ಹುಟ್ಟಿದಾಗಿನಿಂದ ಅವರ ಮಗ್ಗದ ಸಪ್ಪಳದಲ್ಲೇ ನಿದ್ದೆ ಮಾಡಿದವನು. ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರಾಗಿ ಅಳುತ್ತಿದ್ದೆನಂತೆ. ಇದಕ್ಕಿಂತ ಹತ್ತಿರದ ಸಂಬಂಧ ನಮ್ಮ ಊರಿನಲ್ಲಿ ಯಾವುದಿದೆ?

ಹಗಲು ಸೀರೆ ನೇಯುವ ಕಾಕಾ ಟೂರ್ನಮೆಂಟಿನ ಕಾಲದಲ್ಲಿ ಬಾಡಿಗೆ ಆಟಗಾರ. ಗಟ್ಟಿ ಟೆನಿಸ್ ಚೆಂಡಿನ ಕ್ರಿಕೆಟ್ಟಿಗೆ ನಮ್ಮ ಕಡೆ ಬಾಡಿಗೆಗೆ ಬ್ಯಾಟಿಂಗ್ ಮಾಡುವವರನ್ನು ತರುತ್ತಾರೆ, ಬೌಲರುಗಳನ್ನು ತರುತ್ತಾರೆ. ಬರೀ ಫೀಲ್ಡಿಂಗಿಗಾಗಿ ಕರೆಸಿಕೊಂಡಿದ್ದು ಇವರೊಬ್ಬರನ್ನೇ. ಬೀಳಗಿ, ತೇರದಾಳ, ಮುಧೋಳ, ಸಾವಳಗಿ, ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಎಲ್ಲ ಊರಿನ ಅಂಗಿಯನ್ನೂ ಅವರು ತೊಟ್ಟಿದ್ದರು. ಬ್ಯಾಟು ಹಿಡಿದರೆ ಕಸಬರಿಗೆ ಹಿಡಿದಂತೆ ಕಾಣುತ್ತಿತ್ತು. ಬೌಲಿಂಗ್ ಗೊತ್ತಿಲ್ಲ. ಲಾಂಗ್ ಆನ್‌ನಲ್ಲಿ, ಬೌಂಡರಿಯ ಹಗ್ಗದಿಂದ ಹದಿನೈದು ಹೆಜ್ಜೆ ಒಳಗೆ ನಿಂತುಬಿಟ್ಟರೆ ಮಾತ್ರ ಆ ಕಡೆಯ ಆಕಾಶ ಅವರದು.

"ಹಗ್ಗಕ್ಕ ಅಂಟಿ ನಿಂದರಬಾರದಲೇ," ಅನ್ನುತ್ತಿದ್ದರು. "ನಾ ನಿಂತಲ್ಲೆ ಮುಂದಿಂದೂ ನಂದ, ಹಿಂದಿಂದೂ ನಂದ."

ಪಂದ್ಯಕ್ಕೆ ಮೊದಲು ಬರಿಗಾಲಲ್ಲಿ ತಮ್ಮ ಜಾಗವನ್ನೆಲ್ಲ ನಡೆದು ನೋಡುತ್ತಿದ್ದರು. ಕಾಲಿಗೆ ಸಿಕ್ಕ ಹರಳುಗಳನ್ನು ಹೆಕ್ಕಿ ಕಿಸೆಗೆ ಹಾಕಿಕೊಳ್ಳುವರು. ಮರುದಿನ ಅವರ ಹೆಂಡತಿ, ನಮ್ಮ ಕಾಕಿ, ಪ್ಯಾಂಟು ಒಗೆಯುವಾಗ ಕಲ್ಲುಗಳು ಬಂಡೆಯ ಮೇಲೆ ಉದುರುತ್ತಿದ್ದವು. "ಮಂದಿ ಊರಿಂದ ಊರಿಗೆ ಹ್ವಾದ್ರ ಕುಂದಾ ತರ್ತಾರ, ಕರದಂಟ ತರ್ತಾರ. ನಮ್ಮವರ ಖಡಿ ತರ್ತಾರ," ಎಂದು ಅವಳು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ನನ್ನ ವಿಷಯ ಎರಡು ಸಾಲಿನಲ್ಲಿ ಮುಗಿಯುತ್ತದೆ. ಮೊಬೈಲ್ ರಿಪೇರಿ ಅಂಗಡಿ ಇದೆ. ಟೂರ್ನಮೆಂಟಿನಲ್ಲಿ ಕಾಮೆಂಟರಿ ಮಾಡುತ್ತೇನೆ. ನನಗೆ ಆಡಲು ಬರುವುದಿಲ್ಲವಾದ್ದರಿಂದ ಎಲ್ಲರ ಆಟದ ಬಗ್ಗೆ ಮಾತಾಡುವ ಅಧಿಕಾರ ತಾನಾಗಿಯೇ ಬಂದಿದೆ. ಬಸ್ ಕಂಡಕ್ಟರ್, ಸೀರೆ ವ್ಯಾಪಾರಿ, ಶೀತವಾದ ಎಮ್ಮೆ, ಭಾಷಣ ಮಾಡುವ ಮುಖಂಡರು, ಯಾರ ಧ್ವನಿ ಬೇಕಾದರೂ ತೆಗೆಯುತ್ತೇನೆ. ನಮ್ಮಪ್ಪನ ಧ್ವನಿಯಲ್ಲಿ ಫೋನು ಮಾಡಿ ನನಗೆ ನಾನೇ ರಜೆ ಕೊಡಿಸಿಕೊಂಡಿದ್ದೇನೆ. ಕಾಕಾನ ಧ್ವನಿಯಂತೂ ನನ್ನ ಮುಖ್ಯ ಐಟಂ. ಒಣಗಿದ, ಸ್ವಲ್ಪ ಮೂಗಿನಲ್ಲಿ ಬರುವ ಆ "ನಂದೂ... ನಂದೂ..." ಎಂಬ ಕೂಗನ್ನು ನಾನು ಮೈಕಿನಲ್ಲಿ ತೆಗೆದರೆ ಎದುರಾಳಿ ತಂಡದವರೂ ನಗುತ್ತಿದ್ದರು.

ಆ ಕೂಗಿನಿಂದಲೇ ಎಲ್ಲ ಶುರುವಾಯಿತು.

ಮೂರು ವರ್ಷದ ಹಿಂದೆ ಮುಧೋಳದಲ್ಲಿ ಒಂದು ಅವಘಡ ನಡೆದಿತ್ತು. ಚೆಂಡು ಎತ್ತರಕ್ಕೆ ಹೋದಾಗ ನಮ್ಮ ಬನಹಟ್ಟಿ ತಂಡದ ಮಿಡ್ ವಿಕೆಟ್ಟಿನವನು "ನಂದು, ನಂದು" ಎಂದು ಕೂಗುತ್ತಲೇ ಓಡಿಬಂದಿದ್ದ. ಕಾಕಾ ನಿಲ್ಲದೆ ಹೋಗಿ ಅವನಿಗೆ ಡಿಕ್ಕಿ ಹೊಡೆದರು. ಅವನ ಭುಜದ ಎಲುಬು ಮುರಿಯಿತು. ಕಾಕಾನಿಗೆ ಹಟ ಜಾಸ್ತಿಯಾಗಿದೆ ಎಂದು ಎಲ್ಲರೂ ತಿಳಿದರು. ಸಿಮೆಂಟ್ ಅಂಗಡಿ ಇಟ್ಟಿರುವ ನಮ್ಮ ಕ್ಯಾಪ್ಟನ್ ಎಲ್ಲರೆದುರೇ ಹೇಳಿದ: "ಇನ್ನೊಮ್ಮಿ ಹಿಂಗಾತಂದ್ರ ಹೊರಗ ಕುಂದ್ರಸ್ತೇನಿ ನೋಡ್ರಿ ಕಾಕಾ. ವಯಸ್ಸ ನೋಡೂದಿಲ್ಲ."

ಕಾಕಾ ತಲೆಯಾಡಿಸಿದ್ದರು, ಅಷ್ಟೇ.

ಮುಂದಿನ ವರ್ಷ ತೇರದಾಳದ ಪಂದ್ಯ. ಕಾಕಾ ನಿಂತಲ್ಲಿಂದ ಸ್ಪೀಕರ್ ಇಪ್ಪತ್ತು ಹೆಜ್ಜೆಯೂ ದೂರವಿರಲಿಲ್ಲ. ನಾನು ಅವರದೇ ಧ್ವನಿಯಲ್ಲಿ "ನಂದೂ... ಈ ಚಹಾನೂ ನಂದೂ... ಆ ಭಜಿನೂ ನಂದೂ..." ಎಂದೆ. ಮೈದಾನವೆಲ್ಲ ನಕ್ಕಿತು. ಕಾಕಾ ಮಾತ್ರ ಬ್ಯಾಟಿನವನನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಅಕ್ಕಪಕ್ಕದವರ ಹಲ್ಲು ಕಂಡಮೇಲೆ ತಾವೂ ನಕ್ಕರು. ನಗೆ ಒಂದು ಬಸ್ಸು ತಪ್ಪಿಸಿಕೊಂಡು ಮುಂದಿನ ಬಸ್ಸಿಗೆ ಬಂದಂತಿತ್ತು.

ನಾನು ಕಿಡಿಗೇಡಿ. ಪರೀಕ್ಷೆ ಮಾಡಬೇಕೆನಿಸಿತು. ಪಂದ್ಯ ಮುಗಿದು ಅವರು ಬೂಟು ಬಿಚ್ಚುತ್ತಿದ್ದಾಗ ಹಿಂದೆ ನಿಂತು ಕಾಕಿಯ ಧ್ವನಿ ತೆಗೆದೆ: "ಏನ್ರೀ, ನೂಲ ಹರದ ಮಗ್ಗಾ ನಿಂತೈತಿ, ಎಲ್ಲಿ ಸತ್ತೀರಿ?" ಈ ಧ್ವನಿಗೆ ಅವರು ಊಟದ ತಟ್ಟೆ ಬಿಟ್ಟು ಎದ್ದದ್ದನ್ನು ಹತ್ತು ಸಲ ನೋಡಿದ್ದೆ. ಈಗ ಲೇಸು ಬಿಚ್ಚುತ್ತಲೇ ಇದ್ದರು. ಇನ್ನೊಮ್ಮೆ, ಜೋರಾಗಿ ಕೂಗಿದೆ. ಬೇವಿನ ಮರದ ಮೇಲಿದ್ದ ಕಾಗೆ ಹಾರಿಹೋಯಿತು.

ಆಗ ಅವರು ಬೂಟು ತೆಗೆದುಕೊಂಡು ತಿರುಗಿದರು. ಹಿಂದೆ ನಾನು, ಬಾಯಿ ತೆರೆದುಕೊಂಡು ನಿಂತಿದ್ದೆ. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಗಿಹೋಯಿತು.

"ಎಷ್ಟ ಸಲ ಕರದಿ?"

ಎರಡು ಬೆರಳು ತೋರಿಸಿದೆ.

"ಎಡಕಿಂದು ಪೂರಾ ಹೋಗೇತಿ. ಬಲಕಿಂದು ಗಾಳಿ ಬೀಸಿದಂಗ ಕೇಳತೈತಿ, ಅಷ್ಟ." ಸ್ವಲ್ಪ ಹೊತ್ತು ಬೂಟಿನೊಳಗಿನ ಮಣ್ಣು ಬಡಿದರು. "ಯಾರ ಮುಂದೂ ಅನಬ್ಯಾಡಪಾ. ಕಿವುಡನ್ನ ಯಾರೂ ಆಡಾಕ ಕರಿಯೂದಿಲ್ಲ."

ಇದು ಅಷ್ಟು ದಿನ ಮುಚ್ಚಿಕೊಂಡಿದ್ದಕ್ಕೆ ನಮ್ಮ ಊರೇ ಕಾರಣ. ಮಗ್ಗದ ನಡುವೆ ಬೆಳೆದವರೆಲ್ಲ ಕೂಗಿಯೇ ಮಾತಾಡುತ್ತೇವೆ. ನಾವು ಫೋನಿನಲ್ಲಿ ಕ್ಷೇಮ ವಿಚಾರಿಸಿದರೆ ಹೊರಗಿನವರು ಜಗಳ ಬಿಡಿಸಲು ಬರುತ್ತಾರೆ. ಶೆಡ್ಡಿನೊಳಗಂತೂ ಮಾತೇ ಇಲ್ಲ. ತುಟಿ ನೋಡಿ ತಿಳಿಯಬೇಕು, ಕೈ ನೋಡಿ ತಿಳಿಯಬೇಕು. ಅಂಗೈ ಬಿಚ್ಚಿ ಎತ್ತಿದರೆ "ನಡೀಲಿ". ಮುಷ್ಟಿ ಕಟ್ಟಿ ಎತ್ತಿದರೆ "ಬಂದ್ ಮಾಡು". ದೂರದಲ್ಲಿ ನಿಂತವನು ನೂಲು ಹರಿದದ್ದನ್ನು ಕಂಡು ಮುಷ್ಟಿ ಎತ್ತಿದನೆಂದರೆ ನೇಯುವವನು ಯಾಕೆ ಏನು ಕೇಳುವುದಿಲ್ಲ. ಕೈ ತಾನಾಗಿ ಹಿಡಿಕೆಗೆ ಹೋಗುತ್ತದೆ, ಮಗ್ಗ ನಿಲ್ಲುತ್ತದೆ. ಯೋಚನೆ ಆಮೇಲೆ.

ಆದರೆ ಮೈದಾನದಲ್ಲಿ ಕಾಕಾನಿಗೆ ಕಿವಿಯೇ ಬಂಡವಾಳವಾಗಿತ್ತು. "ಚೆಂಡ ನೋಡಿ ಓಡಾಂವ ತಡಾ ಮಾಡತಾನ," ಎಂದು ಹಿಂದೊಮ್ಮೆ ನನಗೆ ಹೇಳಿದ್ದರು. "ಬ್ಯಾಟಿನ ಸಪ್ಪಳಾ ಕೇಳಿ ಓಡಬೇಕ. ಠಪ್ ಅಂದ್ರ ಹಿಂದಕ್ಕ, ಚಕ್ ಅಂದ್ರ ಮುಂದಕ್ಕ." ಸಪ್ಪಳ ಹೋದಮೇಲೆ ಬ್ಯಾಟಿನವನ ಭುಜ ನೋಡಿ ಓಡುವುದನ್ನು ತಮಗೆ ತಾವೇ ಹೊಸದಾಗಿ ಕಲಿಸಿಕೊಂಡಿದ್ದರು, ನಲವತ್ತಾರನೇ ವಯಸ್ಸಿನಲ್ಲಿ. ಕಲಿಯಲಾಗದೆ ಉಳಿದದ್ದು ಒಂದೇ: ಜೊತೆಯವನ "ನಂದು" ಎಂಬ ಕೂಗು.

ಉಪಾಯ ಹೂಡಿದವನು ನಾನು. ಕಾಮೆಂಟರಿಗೆ ನಮ್ಮಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ನಿಲ್ಲಿಸಿ ಅದರ ಮೇಲೆ ಮೇಜು ಹಾಕುತ್ತಾರೆ. ಆ ಟ್ರೇಲರನ್ನು ಲಾಂಗ್ ಆನ್ ಹಿಂದೆ, ಹಗ್ಗದ ಆಚೆ ನಿಲ್ಲಿಸುವಂತೆ ನೋಡಿಕೊಂಡೆ. ಚೆಂಡು ತಲೆಯ ಮೇಲೆ ಹೋದಾಗ ಕಾಕಾ ಬೆನ್ನು ತಿರುಗಿಸಿ ಹಗ್ಗದ ಕಡೆ ಓಡುತ್ತಾರೆ, ಎದುರಿಗೆ ನಾನು. ಬೇರೆ ಯಾರೂ ಬರುತ್ತಿಲ್ಲವಾದರೆ ಅಂಗೈ. ಬೇರೆಯವನು ಕೂಗಿದರೆ ಮುಷ್ಟಿ. ಬಲಗೈಯಲ್ಲಿ ಮೈಕು, ಎಡಗೈಯಲ್ಲಿ ಕಾಕಾ.

"ನೀ ಆ ಮೈಕ್ ಮುಂದ ಕುಣೀತಿರತಿ. ಕೈ ನೆಟ್ಟಗ ಇಟ್ಕೊ," ಅಂದಿದ್ದರು.

"ನಾ ಅದೀನ್ರಿ ಕಾಕಾ," ಎಂದೆ. ದೊಡ್ಡ ಮನುಷ್ಯನ ಹಾಗೆ.

ಜಮಖಂಡಿಯ ಟೂರ್ನಮೆಂಟಿನಲ್ಲಿ ನಾಲ್ಕು ಪಂದ್ಯ ಹೀಗೆಯೇ ಗೆದ್ದೆವು. ಎರಡು ಸಲ ಮುಷ್ಟಿ ಎತ್ತಿದೆ, ಎರಡು ಸಲವೂ ಕಾಕಾ ಗೂಟ ಹೊಡೆದಂತೆ ನಿಂತರು, ಜೊತೆಯವನು ಕ್ಯಾಚ್ ಹಿಡಿದ. ಕ್ಯಾಪ್ಟನ್ "ಕಾಕಾ ಈಗ ದಾರಿಗೆ ಬಂದಾರ" ಅಂದ. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಮೈಕಿಗೂ ನನಗೂ ನಡುವೆ ಜಾಗವಿರಲಿಲ್ಲ.

ಫೈನಲ್ ಮುಧೋಳದ ಜೊತೆ. ಕೊನೆಯ ಚೆಂಡು, ಅವರಿಗೆ ನಾಲ್ಕು ರನ್ ಬೇಕು. ಮೈದಾನದಲ್ಲಿ ಸೀಟಿ ಊದುವವರೂ ಊದುವುದನ್ನು ನಿಲ್ಲಿಸಿದ್ದರು. ನನ್ನ ಪಕ್ಕದಲ್ಲೇ ಯೂಟ್ಯೂಬಿಗೆ ನೇರ ಪ್ರಸಾರದ ಕ್ಯಾಮೆರಾ ಇತ್ತು. ಬೌಲರ್ ಓಡಿಬಂದ. ಬ್ಯಾಟಿನ ನಟ್ಟನಡುವೆ "ಠಪ್" ಎಂದದ್ದು ನನಗೆ ಕೇಳಿಸಿತು.

ಕಾಕಾ ಅದಾಗಲೇ ತಿರುಗಿ ಓಡುತ್ತಿದ್ದರು. ನೇರವಾಗಿ ನನ್ನ ಕಡೆಗೆ. ಸುತ್ತ ಯಾರೂ ಇಲ್ಲ. ನಾನು ಅಂಗೈ ಎತ್ತಿ ಹಿಡಿದೆ. ಅವರ ಕಣ್ಣು ನನ್ನ ಕೈಯ ಮೇಲಿತ್ತು, ನನ್ನ ಕಣ್ಣು ಅವರ ಹಿಂದೆ ಇಳಿಯುತ್ತಿದ್ದ ಚೆಂಡಿನ ಮೇಲೆ. ಇನ್ನು ಮೂರು ಹೆಜ್ಜೆ. ಮೂರು ಹೆಜ್ಜೆ ಇಟ್ಟು ಕತ್ತು ತಿರುಗಿಸಿದರೆ ಚೆಂಡು ತಾನಾಗಿ ಬಂದು ಕೈಯಲ್ಲಿ ಕೂರುತ್ತದೆ. ಇಂಥದ್ದನ್ನು ಅವರು ಸಾವಿರ ಹಿಡಿದಿದ್ದಾರೆ. ಗೆದ್ದೆವು ಎಂದು ನನಗೆ ಅವರಿಗಿಂತ ಮೊದಲು ಗೊತ್ತಾಯಿತು.

"ಕ್ಯಾಆಆಚ್!" ಎಂದು ಟೀವಿಯವರ ಧಾಟಿಯಲ್ಲಿ ಕಿರುಚಿ, ಎಡಗೈ ಮುಷ್ಟಿ ಕಟ್ಟಿ ಆಕಾಶಕ್ಕೆ ಗುದ್ದಿದೆ.

ಕಾಕಾ ನಿಂತರು.

ಎಡವಲಿಲ್ಲ, ತಡವರಿಸಲಿಲ್ಲ. ಮಗ್ಗ ನಿಲ್ಲುವ ಹಾಗೆ ನಿಂತರು. ಚೆಂಡು ಅವರ ತಲೆಯ ಮೇಲಿಂದ ಬಂದು ಎರಡು ಮಾರು ಮುಂದೆ ಬಿತ್ತು, ಒಮ್ಮೆ ಪುಟಿದು ಹಗ್ಗ ದಾಟಿ ಟ್ರೇಲರಿನ ಗಾಲಿಗೆ ಬಡಿಯಿತು. ಅವರು ಆ ಚೆಂಡು ನೋಡಿದರು. ಆಮೇಲೆ ಇನ್ನೂ ಮೇಲೆಯೇ ಇದ್ದ ನನ್ನ ಮುಷ್ಟಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಮುಧೋಳದವರು ಮೈದಾನಕ್ಕೆ ನುಗ್ಗಿದರು. ಕ್ಯಾಪ್ಟನ್ ಲಾಂಗ್ ಆನ್ ತನಕ ಓಡಿಬಂದ. ಅವನ ಬಾಯಿಯ ಹತ್ತಿರ ನೊರೆ.

"ಯಾಕ ನಿಂತ್ರಿ? ಯಾಕ ನಿಂತ್ರಿ ಅಂತೇನಿ!"

ಕಾಕಾ ಅವನ ತುಟಿ ನೋಡಿದರು. "ಬಿಸಲ ಕಣ್ಣಾಗ ಬಿತ್ತಪಾ."

"ಬಿಸಲ ಹಿಂದ ಐತಿ! ನಿಮ್ಮ ಬೆನ್ನಿಗೆ ಐತಿ!"

"ಹಂಗಾರ ಕಾಲ ಹಿಡದಿರಬೇಕ."

ಎಲ್ಲರೂ ಅವರ ಕಾಲು ನೋಡಿದರು. ನನ್ನ ಕೈಯಲ್ಲಿ ಮೈಕಿತ್ತು, ಆರು ಸ್ಪೀಕರಿದ್ದವು, ಜಮಖಂಡಿಯ ಅರ್ಧ ಊರು ಕೇಳಲು ನಿಂತಿತ್ತು. ನನ್ನ ಜೀವನದಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದು ಆ ಒಂದು ಸಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ವಿಡಿಯೋ ಎಲ್ಲರ ಫೋನಿಗೆ ಬಂದಿತ್ತು. ಯಾರೋ ಕಾಕಾನ ಕಾಲಿನ ಸುತ್ತ ಕೆಂಪು ಸುತ್ತು ಬರೆದಿದ್ದರು. ಹಿಂದೆ ನನ್ನ ಕಿರುಚಾಟವೂ ಇತ್ತು. ಮುಷ್ಟಿ ಮಾತ್ರ ಇರಲಿಲ್ಲ; ಅದು ಕ್ಯಾಮೆರಾದ ಪಕ್ಕದಲ್ಲಿತ್ತು. ಓಡುತ್ತಿದ್ದ ಮನುಷ್ಯ ಬೇಕಂತಲೇ ನಿಂತದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು. "ಮುಧೋಳದ ಅಂಗಿ ಹಾಕ್ಕೊಂಡ ಆಡಿದಾಂವ ಅಲ್ಲೇನ? ಮಾರ್ಕೊಂಡಾನ," ಎಂದು ನನ್ನ ಅಂಗಡಿಯ ಮುಂದೆಯೇ ಮಾತಾಡಿಕೊಂಡರು. ಒಡೆದ ಸ್ಕ್ರೀನು ಬದಲಿಸಲು ತಂದವನೊಬ್ಬ, ಒಡೆದ ಸ್ಕ್ರೀನಿನಲ್ಲೇ ಆ ವಿಡಿಯೋ ತೋರಿಸಿದ.

ಶೆಡ್ಡಿಗೆ ಹೋದೆ. ಮಗ್ಗಗಳು ಬಡಿಯುತ್ತಿದ್ದವು. ಕಾಕಾನ ಎದುರಿಗೆ ನಿಂತು ತುಟಿ ಬಿಡಿಸಿ ಹೇಳಿದೆ: "ತಪ್ಪ ನಂದ್ರಿ. ನನ್ನ ಉಳಸಾಕ ನೀವ್ಯಾಕ ಸುಳ್ಳ ಹೇಳಿದ್ರಿ?"

ಅವರು ಮಗ್ಗ ನಿಲ್ಲಿಸಿದರು. "ನಿನ್ನ ಉಳಸಾಕಾ?" ನಿಜವಾಗಿಯೂ ನಗು ಬಂತು ಅವರಿಗೆ. "ನೀ ಯಾವ ಊರ ದೊರಿಲೇ? ನಿನ್ನ ಕೈ ನೋಡಿ ನಿಂತೆ ಅಂದ್ರ, ಕೈ ಯಾಕ ನೋಡತಿದ್ದಿ ಅಂತ ಕೇಳತಾರ. ನಾ ನನ್ನ ಉಳಸ್ಕೊಂಡೇನಿ. ಸುಮ್ನಿರು." ಮತ್ತೆ ಹಿಡಿಕೆ ಎಳೆದರು. ಮಾತು ಮುಗಿಯಿತು.

ಸುಮ್ಮನಿದ್ದೆ. ಒಂದು ತಿಂಗಳು. ಕಾಕಾ ಬಂದರೆ ಚಹದಂಗಡಿಯ ಬೆಂಚು ಖಾಲಿಯಾಗುತ್ತಿತ್ತು. ಆಮೇಲೆ ಒಂದು ಬೆಳಿಗ್ಗೆ ಕಾಕಿ ಅಂಗಡಿಗೆ ಬಂದಳು. ರಿಪೇರಿಗೆ ಫೋನೇನೂ ತಂದಿರಲಿಲ್ಲ.

"ನಳದ ಮುಂದ ಕೊಡಾ ಇಟ್ರ ನನ್ನ ಕೊಡಾ ಸರಸ್ತಾರ," ಎಂದಳು. "ಮುಧೋಳದಿಂದ ಏನೇನ ಬಂತವಾ ಅಂತ ಕೇಳತಾರ. ಎಲ್ಲಾ ಹೇಳ್ಯಾರ ನನಗ ನಿಮ್ಮ ಕಾಕಾ. ಊರ ಮಂದಿದೆಲ್ಲಾ ಧ್ವನಿ ತಗೀತಿ. ಒಮ್ಮಿ ನಿನ್ನ ಧ್ವನಿನೂ ತಗೀಲೇ."

ಆ ವಾರವೇ ಬನಹಟ್ಟಿಯಲ್ಲಿ ಟೂರ್ನಮೆಂಟ್ ಇತ್ತು. ಕಾಕಾನನ್ನು ಯಾರೂ ಕರೆದಿರಲಿಲ್ಲ. ಆದರೂ ಬಂದು ಒಂದು ಕಡೆ ಕೂತಿದ್ದರು. ಅವರ ಎರಡೂ ಪಕ್ಕದಲ್ಲಿ ಜಾಗ ಖಾಲಿ. ಅವರನ್ನು ಕೇಳಿಯೇ ಹೇಳಬೇಕಿತ್ತು. ಕೇಳಿದರೆ ಬೇಡ ಅನ್ನುತ್ತಾರೆಂದು ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಚಹದ ವಿರಾಮದಲ್ಲಿ ಮೈಕು ಹಿಡಿದು ಶುರು ಮಾಡಿದೆ.

"ಜಮಖಂಡಿ ಫೈನಲ್‌ದಾಗ ಕಾಕಾ ನಿಂತಿದ್ದು ನನ್ನಿಂದ..."

ಜನ ನಗತೊಡಗಿದರು. ಹಿಂದಿನಿಂದ ಒಬ್ಬ ಕೂಗಿದ: "ಯಾರ ಧ್ವನಿಲೇ ಇದು? ಗುರ್ತ ಹತ್ತವಲ್ತು!"

"ಇದು ನಂದ," ಎಂದೆ.

ಇನ್ನೂ ಜೋರಾಗಿ ನಕ್ಕರು. ನಾನು ನಿಲ್ಲಿಸಲಿಲ್ಲ. ಮುಷ್ಟಿಯ ಬಗ್ಗೆ ಹೇಳಿದೆ. ನೇಯುವವರೇ ತುಂಬಿದ ಮೈದಾನ. ಮುಷ್ಟಿ ಅಂದ ಕೂಡಲೇ ನಗೆ ಒಂದೊಂದೇ ಸಾಲಿನಲ್ಲಿ ನಿಂತುಹೋಯಿತು. ಕಿವಿಯ ಬಗ್ಗೆ ಹೇಳುವಷ್ಟರಲ್ಲಿ ಯಾರೂ ಚಹ ಕುಡಿಯುತ್ತಿರಲಿಲ್ಲ. ಎಲ್ಲ ತಲೆಗಳೂ ಕಾಕಾನ ಕಡೆ ತಿರುಗಿದವು. ಸ್ಪೀಕರಿನಲ್ಲಿ ಏನು ಬರುತ್ತಿದೆಯೆಂದು ಆ ಮೈದಾನದಲ್ಲಿ ಕೇಳಿಸದಿದ್ದದ್ದು ಅವರೊಬ್ಬರಿಗೇ. ಅವರು ಆ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದರು. ಕೊನೆಗೆ ಟ್ರೇಲರಿನ ಮೇಲಿದ್ದ ನನ್ನನ್ನು.

ಕ್ಯಾಪ್ಟನ್ ಎದ್ದು ಹೋಗಿ ಅವರ ಪಕ್ಕದಲ್ಲಿ ಕೂತ. ಕಣ್ಣು ಒರೆಸಿಕೊಂಡ. ಆಮೇಲೆ ಅವರ ಕಿವಿಗೆ ಬಾಯಿ ಹಚ್ಚಿ, ಒಂದೊಂದೇ ಅಕ್ಷರ ಬಿಡಿಸಿ, ಮಗುವಿಗೆ ಹೇಳುವ ಹಾಗೆ ಕೂಗಿದ: "ತಪ್... ಪಾ... ತ್ರಿ... ಕಾಕಾ!"

ಮಾರಿಕೊಂಡವನು ಎಂದಾಗಲೂ ಕೆಳಗಾಗದಿದ್ದ ಕಾಕಾನ ಮುಖ ಆಗ ಕೆಳಗಾಯಿತು.

ಚಹದಂಗಡಿಯ ಬೆಂಚು ಮತ್ತೆ ತುಂಬಿತು. ಕಾಕಿಯ ಕೊಡವನ್ನು ಯಾರೂ ಸರಿಸಲಿಲ್ಲ. ಆದರೆ ಆ ವರ್ಷ ಬೀಳಗಿಯಿಂದಾಗಲಿ ಸಾವಳಗಿಯಿಂದಾಗಲಿ ಕಾಕಾನನ್ನು ಕರೆಯಲು ಒಂದು ಮೋಟಾರ್ ಸೈಕಲ್ಲೂ ಬರಲಿಲ್ಲ. ಬಂದದ್ದು ಜಮಖಂಡಿಯವರ ಆಮಂತ್ರಣ: ಟೂರ್ನಮೆಂಟ್ ಉದ್ಘಾಟನೆಗೆ ಮುಖ್ಯ ಅತಿಥಿ.

ನನ್ನ ಜೊತೆ ಆರು ತಿಂಗಳು ಮಾತಾಡದಿದ್ದವರು ಆ ದಿನ "ಬಾ" ಎಂದು ಕರೆದುಕೊಂಡು ಹೋದರು. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಪಂದ್ಯ ಶುರುವಾಯಿತು. ಲಾಂಗ್ ಆನ್‌ನಲ್ಲಿ ಹೊಸಬನೊಬ್ಬ ಹಗ್ಗಕ್ಕೆ ಅಂಟಿಕೊಂಡು ನಿಂತಿದ್ದ. ಮೊದಲ ಓವರಿನಲ್ಲೇ ಚೆಂಡು ಆ ಕಡೆ ಎದ್ದಿತು. ಬ್ಯಾಟಿನವನ ಭುಜ ತಿರುಗಿದ್ದೇ ತಡ, ಕಾಕಾ ಕುರ್ಚಿಯಿಂದ ಅರ್ಧ ಎದ್ದಿದ್ದರು. ಹಣ್ಣಿನ ಬುಟ್ಟಿ ನನ್ನ ಕಾಲಮೇಲೆ ಬಿತ್ತು. ಹೊಸಬ ತಡವಾಗಿ ಓಡಿದ, ಚೆಂಡು ಅವನ ಮುಂದೆ ಬಿತ್ತು. ಕಾಕಾ ಮೆಲ್ಲಗೆ ಕೂತರು.

"ನಿಮ್ಮ ಕಾಕಿ ನೀರಿಗೆ ತಲಿ ಎತ್ತಿ ಹೋಗ್ತಾಳ," ಎಂದರು, ಮೈದಾನ ನೋಡುತ್ತಲೇ. "ಅದು ನೀ ಮಾಡಿದ್ದ. ಅದಕ್ಕ ನಾ ಏನೂ ಅನ್ನಂಗಿಲ್ಲ."

ನಾನು ಬಾಳೆಹಣ್ಣು ಹೆಕ್ಕುತ್ತಿದ್ದೆ.

"ಆದ್ರ ಮ್ಯಾಚ್ ಮಾರಿದಾಂವ ಅಂತಿದ್ರಲ್ಲ, ಅದನ್ನ ಎರಡ ವರ್ಷಕ್ಕ ಮರೀತಿದ್ರು. ಯಾರರೆ ಒಬ್ರು ಕರೀತಿದ್ರು ಮತ್ತ. ಕಿವುಡ ಅಂದ್ರ ಶಾಲ ಹೊಚ್ಚತಾರ."

ಇವತ್ತಿಗೂ ಕೊಟ್ಟದ್ದು ಹೆಚ್ಚೋ ಕಸಿದದ್ದು ಹೆಚ್ಚೋ ಎಂದು ತೂಗಿ ನೋಡುತ್ತಲೇ ಇದ್ದೇನೆ. ಋಣ ಮಾತ್ರ ನನ್ನ ಕಡೆಗೇ ಉಳಿಯುತ್ತದೆ.

ಅಷ್ಟರಲ್ಲಿ ಜನ ಕುರ್ಚಿಯ ಕಡೆ ತಿರುಗಿ ಚಪ್ಪಾಳೆ ತಟ್ಟತೊಡಗಿದರು. ಕಾಕಾ ಗಾಬರಿಯಾಗಿ ನನ್ನ ಮೊಣಕೈ ತಿವಿದರು.

"ಮೈಕ್‌ನಾಗ ಏನ ಹೇಳಾಕತ್ತಾನ ಅಂವಾ?"

ಅವತ್ತು ಕಾಮೆಂಟರಿ ಜಮಖಂಡಿಯ ಒಬ್ಬನದು. "ನಿಮ್ಮ ಬಗ್ಗೆನ ರೀ," ಎಂದು ತುಟಿ ಬಿಡಿಸಿ ಹೇಳಿದೆ.

"ಛಲೋ ಹೇಳಾಕತ್ತಾನೋ, ಕೆಟ್ಟ ಹೇಳಾಕತ್ತಾನೋ?"

"ಭಾಳ ಛಲೋ ಹೇಳಾಕತ್ತಾನ್ರಿ."

ಕಾಕಾ ಶಾಲನ್ನು ಸರಿಮಾಡಿಕೊಂಡರು. "ಹಂಗಾರ ನನ್ನ ಆಟಾ ಮುಗೀತ ಬಿಡು," ಎಂದು, ಚಪ್ಪಾಳೆ ತಟ್ಟುವವರಿಗೆ ಕೈ ಮುಗಿದರು.